ಮರಗಟ್ಟಿದ ಮೂರು ಬೆರಳು

ತನ್ನನ್ನು ಬಯ್ಯುವವರನ್ನಾದರೂ ಫೆಲಿಮ್ ಗ್ಯಾರಿಟಿ ಹೇಗೋ ಸಹಿಸಿಕೊಳ್ಳುತ್ತಿದ್ದ. ಹೊಗಳುವವರನ್ನು ಕಂಡರೆ ಮಾತ್ರ ಅವನಿಗೆ ಅಂಗಾಲಿನ ಉರಿ ನೆತ್ತಿಗೇರುತ್ತಿತ್ತು. ಆ ಶನಿವಾರ ಬೆಳಿಗ್ಗೆ, ಊರ ಬದಿಯ ಯಾರಾ ನದಿಯ ಮೇಲಿನ ಮಂಜು ಇನ್ನೂ ಕರಗಿರದ ಹೊತ್ತಿನಲ್ಲಿ, ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ಅವನು ತೊಗಲಿನ ಕಾರ್ಖಾನೆಯ ಕಡೆ ನಡೆಯುತ್ತಿದ್ದಾಗ ಹಾಲಿನ ಗಾಡಿಯವನು ಲಗಾಮು ಜಗ್ಗಿ ಕುದುರೆಯನ್ನು ನಿಲ್ಲಿಸಿ, ಟೋಪಿ ತೆಗೆದು, ಇವತ್ತು ಬೆಳ್ಳಿ ಬಟ್ಟಲು ಕೊಡುತ್ತಾರಂತಲ್ಲ, ನಿನ್ನಂಥವನು ನಮ್ಮ ತಗ್ಗಿನಲ್ಲಿ ಹುಟ್ಟಿದ್ದು ನಮ್ಮ ಪುಣ್ಯ ಎಂದ. ಆ ಮನುಷ್ಯ ಹಾಲಿಗೆ ನೀರು ಬೆರೆಸುತ್ತಾನೆಂದು ಇಡೀ ಬೀದಿಗೆ ಗೊತ್ತಿತ್ತು. ಅಂಥವನ ಬಾಯಲ್ಲೂ ತಾನು ಸತ್ಯದ ಮಾದರಿಯಾಗಿಬಿಟ್ಟೆನಲ್ಲ ಎಂದು ಫೆಲಿಮ್‌ಗೆ ಅಸಹ್ಯವಾಯಿತು. ಹೂಂ ಎಂದೂ ಅನ್ನದೆ ಮುಂದೆ ನಡೆದ. ಎಷ್ಟು ವಿನಯ ನೋಡು ಎಂದು ಗಾಡಿಯವನು ಕುದುರೆಗೋ ತನಗೋ ಹೇಳಿಕೊಂಡದ್ದು ಹಿಂದಿನಿಂದ ಕೇಳಿಸಿತು. ಬಾಯಿ ಮುಚ್ಚಿಕೊಂಡರೆ ವಿನಯ, ಬಾಯಿ ಬಿಟ್ಟರೆ ನೇರ ನುಡಿ. ಈಚೆಗೆ ಅವನು ಕೆಮ್ಮಿದರೂ ಅದಕ್ಕೊಂದು ಒಳ್ಳೆಯ ಅರ್ಥ ಹುಟ್ಟುತ್ತಿತ್ತು. ಗಾಡಿಯನ್ನು ತಿರುಗಿಸಿ ಆ ನೀರು ಹಾಲನ್ನೆಲ್ಲ ಚರಂಡಿಗೆ ಚೆಲ್ಲಿಬಿಟ್ಟರೆ ಏನನ್ನುತ್ತಾನೆ ಎಂದು ಯೋಚಿಸಿದ. ಅದನ್ನೂ ನ್ಯಾಯನಿಷ್ಠೆ ಅನ್ನುತ್ತಾನೆ, ಬೋಳಿಮಗ.

ಮೂರು ವಾರದ ಹಿಂದೆ ದಿಬ್ಬದವರ ಮೈದಾನದಲ್ಲಿ ಆದದ್ದು ಇಷ್ಟೇ. ದಿಬ್ಬದವರನ್ನು, ಅಂದರೆ ಊರಿನ ಎತ್ತರದ ಭಾಗದ ಉಳ್ಳವರ ತಂಡವನ್ನು, ಸೋಲಿಸಿ ನದಿ ದಡದ ತಗ್ಗಿನವರಿಗೆ ಎಷ್ಟೋ ವರ್ಷವಾಗಿತ್ತು. ಆವತ್ತು ಎರಡೂ ಕಡೆ ಮೂರು ಮೂರು ಗೋಲು, ಆಟ ಮುಗಿಯುವ ಗಂಟೆ ಬಾರಿಸಲು ಸ್ವಲ್ಪವೇ ಹೊತ್ತು. ತಗ್ಗಿನ ಕ್ಯಾಪ್ಟನ್ ಆಂಬ್ರೋಸ್ ಟಲ್ಲಿ ದೂರದಿಂದ ಒದ್ದ ಚೆಂಡು ತಗ್ಗಾಗಿಯೇ ಹಾರಿ ಬಂತು. ಗೋಲು ಕಂಬಗಳ ಮುಂದೆ ಕೆಸರಿನಲ್ಲಿ ಹತ್ತಾರು ಜನ ಒಬ್ಬರ ಮೇಲೊಬ್ಬರು ಬಿದ್ದು ಕೈ ಎತ್ತಿದ್ದರು. ಅವುಗಳಲ್ಲಿ ಫೆಲಿಮನ ಬಲಗೈಯೂ ಒಂದು. ಚೆಂಡು ಆ ಕೈಗಳ ನಡುವಿನಿಂದಲೋ ಮೇಲಿನಿಂದಲೋ ನುಗ್ಗಿ ಕಂಬಗಳ ನಡುವೆ ಹೋಯಿತು. ಚೆಂಡನ್ನು ಕೈಯಲ್ಲಿ ಹಿಡಿಯಲೂ ಬಹುದಾದ ಆ ಫುಟ್‌ಬಾಲಿನಲ್ಲಿ, ಒದ್ದವನ ಕಾಲಿನಿಂದ ಹೊರಟ ಚೆಂಡು ಯಾರ ಮೈಗೂ, ಸ್ವಂತ ಕಡೆಯವನ ಬೆರಳ ತುದಿಗೂ ಸಹ, ತಗಲದೆ ಹೋದರೆ ಮಾತ್ರ ಗೋಲು. ಗ್ಯಾರಿಟಿಯ ಕೈ ತಗಲಿತು ಎಂದು ದಿಬ್ಬದವನೊಬ್ಬ ಕೂಗಿದ. ಅಂಪೈರ್ ಸೀಟಿ ಊದಿ ಓಡಿ ಬಂದ, ಮೀಸೆಯ ತುಂಬ ಬೆವರು. ಅಂಥ ಹೊತ್ತಿನಲ್ಲಿ ಆಟಗಾರನನ್ನೇ ಕೇಳುವುದು, ಅವನು ಹೇಳಿದ್ದನ್ನು ನಂಬುವುದು ಪದ್ಧತಿ. ಗ್ಯಾರಿಟಿ, ಕೈ ತಗಲಿತಾ, ಹೌದೋ ಇಲ್ಲವೋ ಎಂದ. ಫೆಲಿಮ್ ತನ್ನ ಕೈಯನ್ನು ನೋಡಿಕೊಂಡ. ಅಷ್ಟರಲ್ಲಿ ಟಲ್ಲಿ, ನಾಯಿಗೆ ಕೂರು ಎನ್ನುವ ಹಾಗೆ, ಇಲ್ಲ ಅನ್ನೋ ಎಂದು ದೂರದಿಂದಲೇ ಗದರಿದ. ತಗಲಿತು ಎಂದ ಫೆಲಿಮ್. ಗೋಲು ಹೋಯಿತು. ದಿಬ್ಬದವರು ಚೆಂಡನ್ನು ಒದ್ದುಕೊಂಡು ಆ ತುದಿಯವರೆಗೂ ಓಡಿ ನಾಲ್ಕನೆಯ ಗೋಲು ಹೊಡೆದರು. ಗಂಟೆ ಬಾರಿಸಿತು.

ಕಾರ್ಖಾನೆಯ ಬಾಗಿಲಲ್ಲಿ ಸುಣ್ಣದ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆಯಲ್ಲೇ ಅವನಿಗೆ ಅರ್ಧ ಆಯಸ್ಸು ಕಳೆದಿತ್ತು. ಸುಣ್ಣದ ತೊಟ್ಟಿಯಲ್ಲಿ ವಾರಗಟ್ಟಲೆ ನೆನೆದ ತೊಗಲನ್ನು ಇಳಿಜಾರು ದಿಮ್ಮಿಯ ಮೇಲೆ ಹರಡಿ, ಹೊಟ್ಟೆಯಿಂದ ಒತ್ತಿ ಹಿಡಿದು, ಎರಡು ಹಿಡಿಯ ಕತ್ತಿಯಿಂದ ಕೂದಲು ಹೆರೆಯುವುದು ಅವನ ಕೆಲಸ. ಹೆರೆದ ಮೇಲೆ ಬೆರಳಾಡಿಸಿ ನೋಡಬೇಕು. ಕಣ್ಣಿಗೆ ಕಾಣದ ಕೂದಲಿನ ಬುಡ ಬೆರಳಿಗೆ ಸಿಗುತ್ತದೆ. ಫೆಲಿಮನ ಬಲಗೈಯ ಮೂರು ಬೆರಳಿಗೆ ಹೋದ ವರ್ಷದ ಚಳಿಗಾಲದಿಂದ ಏನೂ ಸಿಗುತ್ತಿರಲಿಲ್ಲ. ಮೊದಲು ಜುಮ್ಮೆನ್ನುತ್ತಿದ್ದವು, ಆಮೇಲೆ ತುದಿ ಬಿಳುಚಿಕೊಂಡವು, ಒಂದು ಬೆಳಿಗ್ಗೆ ಒಲೆಯ ಮೇಲಿನ ಚಹಾದ ತಪ್ಪಲೆಯನ್ನು ಬರಿಗೈಯಲ್ಲಿ ಹಿಡಿದು ಇಳಿಸಿ, ಲೋಟಕ್ಕೆ ಬಗ್ಗಿಸಿ, ಯಾರೋ ಮಾಂಸ ಸೀಯಿಸುತ್ತಿದ್ದಾರಲ್ಲ ಎಂದುಕೊಂಡು ಸುತ್ತ ನೋಡಿದ. ಸೀದದ್ದು ಅವನ ಬೆರಳೇ. ಆವತ್ತು ಅವನಿಗೆ ನೋವಾಗಲಿಲ್ಲ. ನೋವಾಗಲಿಲ್ಲವಲ್ಲ ಎಂದೇ ಹೆದರಿದ. ಬೆರಳು ಸತ್ತವನಿಗೆ ದಿಮ್ಮಿಯ ಮುಂದೆ ಜಾಗವಿಲ್ಲ. ಅವನನ್ನು ಅಂಗಳಕ್ಕೆ ಕಳಿಸುತ್ತಾರೆ, ಹಸಿ ತೊಗಲು ಹೊರಲು, ಚರಂಡಿ ಬಳಿಯಲು, ಮುದುಕರ ಜೊತೆ. ಚೆಂಡು ಹಿಡಿಯುವುದೇ ಕೆಲಸವಾದ ಆಟದಲ್ಲಿ ಅವನಿಗೆ ಅಷ್ಟೂ ಜಾಗವಿಲ್ಲ. ಆದ್ದರಿಂದ ಅವನು ಹೇಳಲಿಲ್ಲ. ಫೋರ್‌ಮನ್ ಹಾಬ್ಸ್ ಆ ಕಡೆ ತಿರುಗಿದಾಗ ಬಗ್ಗಿ ಕೆನ್ನೆಯನ್ನೇ ತೊಗಲಿಗೆ ಒತ್ತಿ ಕೂದಲು ಉಳಿದಿದೆಯೇ ಎಂದು ನೋಡುವುದನ್ನು ಕಲಿತ. ಸತ್ತ ಹಸು ಎತ್ತುಗಳ ಬೆನ್ನಿಗೆ ದಿನವೂ ಮುಖ ಉಜ್ಜಿದ. ಮೈದಾನದಲ್ಲಿ ಅಂಗೈ ಮತ್ತು ಎದೆಯ ನಡುವೆ ಚೆಂಡನ್ನು ಅಮುಕಿ ಹಿಡಿಯುವುದನ್ನು ಕಲಿತ. ಗ್ಯಾರಿಟಿಯದು ಹೊಸ ಶೈಲಿ ಎಂದು ಪತ್ರಿಕೆಯವನೊಬ್ಬ ಬರೆದ.

ಕೈ ತಗಲಿತಾ ಎಂದು ಕೇಳಿದಾಗ ಅವನ ಬಳಿ ಇದ್ದ ನಿಜವಾದ ಉತ್ತರ ಗೊತ್ತಿಲ್ಲ ಎನ್ನುವುದೊಂದೇ. ಆ ಮಾತನ್ನು ಆಡಿದ್ದರೆ ಅಂಪೈರ್ ನಕ್ಕುಬಿಡುತ್ತಿದ್ದ. ನಿನ್ನ ಬೆರಳಿಗೆ ತಗಲಿದ್ದು ನಿನಗೆ ಗೊತ್ತಿಲ್ಲವೇ ಎನ್ನುತ್ತಿದ್ದ. ಆಗ ಟಲ್ಲಿ ಓಡಿ ಬಂದು ಕೈಯನ್ನು ತಿರುಗಿಸಿ ನೋಡುತ್ತಿದ್ದ. ಹೌದು, ಇಲ್ಲ, ಎರಡೂ ಸುಳ್ಳು. ಎರಡು ಸುಳ್ಳಿನಲ್ಲಿ ಒಂದನ್ನು ಆರಿಸಿಕೊಂಡದ್ದಕ್ಕೆ ಈಗ ದಿಬ್ಬದವರಿಂದ ಬೆಳ್ಳಿ ಬಟ್ಟಲು. ಆರಿಸಿಕೊಂಡದ್ದಾದರೂ ಯಾಕೆ? ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಅವನು ತನ್ನನ್ನು ತಾನೇ ಕೆದಕಿಕೊಳ್ಳುತ್ತಿದ್ದ. ಟಲ್ಲಿಯ ಆ ಗದರಿಕೆ ಇಲ್ಲದಿದ್ದರೆ ಇಲ್ಲ ಅನ್ನುತ್ತಿದ್ದೆನೇನೋ. ಹೆಂಡದಂಗಡಿಯವನ ಮಗ, ಸುಣ್ಣ ಮುಟ್ಟದ ಕೈಯವನು, ಮಂಡಿಗೂ ಕೆಸರಾಗದ ಹಾಗೆ ಆಡುವವನು, ತನಗೆ ಹೀಗೆ ಗದರಿದನಲ್ಲ ಎನ್ನುವ ಹೊಟ್ಟೆಕಿಚ್ಚೇ ಬಾಯಿಂದ ಹೌದು ಎಂದು ಹೊರಬಿತ್ತೋ ಏನೋ. ಇಡೀ ತಗ್ಗಿನ ಗೆಲುವನ್ನು ಒಬ್ಬನ ಮೇಲಿನ ಸೇಡಿಗೆ ಸುಟ್ಟೆನೋ ಏನೋ. ಇಲ್ಲ, ಚೆಂಡು ಬೆರಳ ಹತ್ತಿರ ಬಂದಾಗ ಒಂದಿಷ್ಟು ವಾಲಿದ್ದು ಕಣ್ಣಿಗೆ ಕಂಡಿತ್ತಲ್ಲ. ಕಂಡಿತ್ತೇ? ಕಂಡಿತ್ತು ಎಂದು ಈಗ ಅನ್ನಿಸುತ್ತಿದೆಯೇ? ಪ್ರತಿ ಸಲ ನೆನೆದಾಗಲೂ ಚೆಂಡು ಇನ್ನಷ್ಟು ವಾಲುತ್ತಿತ್ತು. ಈಚೆಗೆ ನೆನಪಿನಲ್ಲಿ ಅದು ಹೆಚ್ಚೂ ಕಡಿಮೆ ಅಡ್ಡಲಾಗಿಯೇ ಹಾರುತ್ತಿತ್ತು. ತನ್ನ ನೆನಪಿನ ಮೇಲೂ ಅವನಿಗೆ ಸಿಟ್ಟು ಬಂತು.

ಎದುರು ದಿಮ್ಮಿಯ ಸ್ನೆಡನ್, ನೀಳ ಕತ್ತಿನವನು, ಬೆಳಗಿನಿಂದ ಮಾತಿಲ್ಲದೆ ಹೆರೆಯುತ್ತಿದ್ದ. ಮೊದಲ ವಾರ ಜೊತೆಗೆಲಸದವರು ಫೆಲಿಮನ ಬೂಟಿನೊಳಗೆ ಹೆರೆದ ಕೊಬ್ಬು ತುಂಬಿದ್ದರು. ಎರಡನೆಯ ವಾರ ಅವನ ಊಟದ ಡಬ್ಬಿ ಸುಣ್ಣದ ತೊಟ್ಟಿಯಲ್ಲಿ ತೇಲಿತು. ಆಗೆಲ್ಲ ಅವನಿಗೆ ಒಂದು ಬಗೆಯ ಸಮಾಧಾನವಿತ್ತು. ಇವರಿಗಾದರೂ ನಾನು ಆಟ ಕೆಡಿಸಿದವನು, ಸರಿಯಾಗಿಯೇ ಬಯ್ಯುತ್ತಾರೆ ಎಂದುಕೊಳ್ಳುತ್ತಿದ್ದ. ಆಮೇಲೆ ಪತ್ರಿಕೆಗಳಲ್ಲಿ ಬಂತು, ಭಾನುವಾರದ ಪೂಜೆಯಲ್ಲಿ ಫಾದರ್ ಪೀಠದ ಮೇಲಿಂದಲೇ ಅವನ ಹೆಸರೆತ್ತಿ ಮಾತಾಡಿದರು, ಬೂಟಿನಲ್ಲಿ ಕೊಬ್ಬು ತುಂಬುವುದು ನಿಂತುಹೋಯಿತು. ಈಗ ಸ್ನೆಡನ್ ತಲೆ ಎತ್ತಿ, ಗಂಟಲು ಸರಿಮಾಡಿಕೊಂಡು, ಮೊನ್ನೆ ನನ್ನ ದೊಡ್ಡವನು ಸೇಬು ಕದ್ದ, ನಿನ್ನ ಕತೆ ಹೇಳಿ ಎರಡು ಬಿಟ್ಟೆ ಎಂದ. ಅದು ಚುಚ್ಚುಮಾತಲ್ಲ. ಮನಸ್ಸಿಟ್ಟು ಹೇಳಿದ್ದು. ಫೆಲಿಮನ ಕತ್ತಿ ತೊಗಲಿನ ಮೇಲೆ ಜಾರಿತು. ತನ್ನ ಒಂದು ಸುಳ್ಳಿಗೆ ಯಾವುದೋ ಮಗು ಏಟು ತಿಂದಿತ್ತು.

ಹಾಬ್ಸ್ ಬಂದು ಹೆರೆದ ತೊಗಲಿನ ಮೇಲೆ ಅಂಗೈ ಆಡಿಸಿದ. ಹೊಟ್ಟೆಯ ಭಾಗದಲ್ಲಿ ಕೈ ನಿಂತಿತು, ಮತ್ತೆ ಅಲ್ಲೇ ಆಡಿತು. ಕೂದಲು ಉಳಿದಿದೆಯಲ್ಲೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡದ್ದು ಫೆಲಿಮ್‌ಗೆ ಕಾಣಿಸಿತು. ಹಾಬ್ಸ್ ಕಾರ್ಖಾನೆಗೇ ಬಾಯಿಬಡುಕ, ಕೂದಲೆಳೆಯಷ್ಟು ತಪ್ಪಿಗೂ ಅಪ್ಪ ಅಮ್ಮನನ್ನು ಎಳೆದು ತರುವವನು. ಅವನು ಈಗ ಕತ್ತನ್ನು ಓರೆ ಮಾಡಿ, ಬಟ್ಟಲಿನ ದಿನವಲ್ಲವೇ, ಮನಸ್ಸು ಎಲ್ಲೋ ಇರುತ್ತದೆ ಬಿಡು ಎಂದು ಹೋದ. ಯಾವ ಬೆರಳನ್ನು ಮುಚ್ಚಿಡಲು ಆ ಸುಳ್ಳು ಹೇಳಿದ್ದನೋ, ಆ ಸುಳ್ಳಿನಿಂದ ಬಂದ ಹೆಸರೇ ಈಗ ಬೆರಳನ್ನು ಮುಚ್ಚಿ ಕಾಪಾಡುತ್ತಿತ್ತು. ತಂಡದಲ್ಲೂ ಅದೇ. ಅವನನ್ನು ತೆಗೆದುಹಾಕಲೇಬೇಕೆಂದು ಟಲ್ಲಿ ಹಟ ಹಿಡಿದಾಗ ಸಮಿತಿಯ ಹಿರಿಯರು, ಈಗ ತೆಗೆದರೆ ಸತ್ಯ ಹೇಳಿದ್ದಕ್ಕೆ ತೆಗೆದರು ಅನ್ನುತ್ತಾರೆ, ಸ್ವಲ್ಪ ತಡಿ ಎಂದರಂತೆ. ಹಾಗಾಗಿ ಅವನು ಇಪ್ಪತ್ತು ಜನರಲ್ಲಿ ಒಬ್ಬನಾಗಿಯೇ ಉಳಿದ. ಆದರೆ ಚೆಂಡು ಅವನ ಕಡೆ ಬರುವುದು ನಿಂತಿತು. ಕಳೆದೆರಡು ಪಂದ್ಯದಲ್ಲಿ ತಂಡದವರೇ ಅವನನ್ನು ಬಿಟ್ಟು ಉಳಿದವರಿಗೆಲ್ಲ ಒದ್ದರು. ಒಂದು ಸಲ ಅವನು ಒಬ್ಬನೇ, ಸುತ್ತ ಯಾರೂ ಇಲ್ಲದೆ, ಎರಡೂ ಕೈ ಎತ್ತಿ ಕೂಗುತ್ತ ನಿಂತಿದ್ದ. ಟಲ್ಲಿ ಅವನನ್ನು ನೋಡಿದ, ಚೆನ್ನಾಗಿ ನೋಡಿದ, ನೋಡಿ ಚೆಂಡನ್ನು ಬೇಲಿಯಾಚೆಗೆ ಒದ್ದ.

ಮಧ್ಯಾಹ್ನ ಕೆಲಸ ಬಿಟ್ಟು ಮನೆಗೆ ಬಂದಾಗ ಹೆಂಡತಿ ಬ್ರೈಡಿ ಕುರಿಯ ಕುತ್ತಿಗೆಯ ಎಲುಬು ಬೇಯಿಸಿಟ್ಟಿದ್ದಳು. ಮೂರು ವಾರದಿಂದ ಕಟುಕ ಅವಳಿಗೆ ಎಲುಬನ್ನೇ ತೂಗಿ ಕೊಡುತ್ತಿದ್ದ, ದಿಬ್ಬಕ್ಕೆ ಹೋಗು, ಅಲ್ಲಿ ನಿಮಗೆ ತೊಡೆಯ ಮಾಂಸ ಕೊಡುತ್ತಾರೆ ಎನ್ನುತ್ತಿದ್ದ. ಅವಳು ಅದನ್ನು ನಗುತ್ತಲೇ ಹೇಳಿದ್ದಳು. ಎಂಟು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಹೀಗೆ ನೋಡಿರಲಿಲ್ಲ. ಕುಡಿದು ಬಂದರೆ ಬಯ್ಯುತ್ತಿದ್ದಳು, ಕುಡಿಯದೆ ಬಂದರೆ ಏನಾಯಿತು ನಿನಗೆ ಎನ್ನುತ್ತಿದ್ದಳು, ಎರಡರಲ್ಲೂ ಒಂದು ಸಲಿಗೆಯಿತ್ತು. ಈಗ ಊಟ ಬಡಿಸಿ ಎದುರು ನಿಂತು ಅವನು ತಿನ್ನುವುದನ್ನೇ ನೋಡುತ್ತಾಳೆ. ಅವನ ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಳು, ಜರ್ಸಿಯ ಕೆಳಗೆ ಕಾಲರು ಯಾರು ನೋಡುತ್ತಾರೆ ಎಂದರೆ, ದೊಡ್ಡವರು ಕೈ ಕುಲುಕುವಾಗ ಹತ್ತಿರ ಬರುತ್ತಾರಲ್ಲ ಎಂದಳು. ಅವನು ಚಮಚೆಯನ್ನು ಎಡಗೈಯಲ್ಲಿ ಹಿಡಿದಿದ್ದ. ಅದನ್ನೂ ಅವಳು ಕೇಳಲಿಲ್ಲ. ಸಂತರನ್ನು ಯಾರೂ ಎಡಗೈಯಲ್ಲಿ ಯಾಕೆ ಉಣ್ಣುತ್ತೀ ಎಂದು ಕೇಳುವುದಿಲ್ಲ.

"ನಾನು ಹೋಗಲ್ಲ ಇವತ್ತು," ಎಂದ.

"ಯಾಕೆ?"

"ಅವರ ಬಟ್ಟಲು ನನಗೆ ಬೇಡ."

"ಬೇಡ ಅಂದ್ರೆ ಇಸ್ಕೊಂಡು ಬಂದು ಕೋಳಿಗೆ ನೀರಿಡೋಣ. ಹೋಗದೆ ಇರ್ಬೇಡ." ಅವಳು ತಟ್ಟೆಯನ್ನು ಸರಿಸಿ ಎದುರು ಕೂತಳು. "ನಾನು ಹುಟ್ಟಿದ ಮನೇಲಿ ಎಲ್ಲರೂ ಸುಳ್ಳರೇ, ನಿಂಗೊತ್ತಲ್ಲ. ನಮ್ಮಪ್ಪ ಸಾಯೋವಾಗ್ಲೂ ಫಾದರ್ ಹತ್ರ ಅರ್ಧಾನೇ ಒಪ್ಕೊಂಡ. ಆವತ್ತು ಬೇಲಿ ಹತ್ರ ನಿಂತು ನೀನು ತಗಲಿತು ಅಂದಿದ್ದು ಕೇಳಿದಾಗ ಸುತ್ತ ಇದ್ದೋರೆಲ್ಲ ಉಗೀತಿದ್ರು. ನಂಗೆ ಮಾತ್ರ, ಇವನ ಕೈ ಹಿಡಿದಿದ್ದು ಸಾರ್ಥಕ ಆಯ್ತು ಅನ್ನಿಸ್ತು ಕಣೋ."

ಯಾವ ಕೈ ಎಂದು ಕೇಳಬೇಕೆನಿಸಿತು. ಈಗ ಹೇಳಿಬಿಡಬೇಕು ಎಂದು ಅವನ ಬಾಯಿ ತೆರೆಯಿತು. ಮೇಜಿನ ಮೇಲೆ ಅವಳ ಕೈ ಬಂದು ಅವನ ಬಲಗೈಯ ಮೇಲೆ ಕೂತಿತು, ಸರಿಯಾಗಿ ಆ ಮೂರು ಬೆರಳಿನ ಮೇಲೆ. ಕೂತದ್ದು ಕಣ್ಣಿಗೆ ಕಂಡಿತು ಅಷ್ಟೇ. ಅವಳು ಒತ್ತುತ್ತಿದ್ದಾಳೋ ಸುಮ್ಮನೆ ಇಟ್ಟಿದ್ದಾಳೋ ತಿಳಿಯಲಿಲ್ಲ. ಎಷ್ಟು ದಿನದಿಂದ ಈ ಹೆಂಗಸು ತನ್ನ ಕೈ ಹಿಡಿಯುತ್ತ ಬಂದಿದ್ದಾಳೆ, ಒಂದು ಸಲವೂ ತನಗೆ ತಲುಪಿಲ್ಲ ಎಂದು ಹೊಳೆದಾಗ ದುಃಖವಾಗಬೇಕಿತ್ತು. ಆದದ್ದು ಸಿಟ್ಟು. ಕೈ ಕಿತ್ತುಕೊಂಡು ಎದ್ದ. ಹೊತ್ತಾಯಿತು ಎಂದ. ಅವಳಿಗೆ ಅದೂ ಸಂಕೋಚದಂತೆ ಕಂಡಿರಬೇಕು, ನಗುತ್ತಲೇ ಇದ್ದಳು.

ದಿಬ್ಬದವರು ಈ ಸಲ ಇಲ್ಲಿಗೇ ಆಡಲು ಬರುತ್ತಿದ್ದರು, ತಗ್ಗಿನ ಮೈದಾನಕ್ಕೆ ಹೋಗುವ ದಾರಿ ಜನರಿಂದ ತುಂಬಿತ್ತು. ಬಿಸಿ ಆಲೂಗಡ್ಡೆ ಮಾರುವವನ ಗಾಡಿಯ ಸುತ್ತ ಸಾಬೂನು ಕಾರ್ಖಾನೆಯ ಹುಡುಗಿಯರು ಮುತ್ತಿಕೊಂಡು ನಗುತ್ತಿದ್ದರು. ದಿಬ್ಬದಿಂದ ಸಾರೋಟುಗಳು ಇಳಿದು ಬರುತ್ತಿದ್ದವು, ಚಕ್ರಕ್ಕೆ ತಗ್ಗಿನ ಕೆಸರು ಅಂಟುವುದನ್ನು ಒಳಗಿನ ಹೆಂಗಸರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಅವರಲ್ಲೊಬ್ಬಳು ಫೆಲಿಮನನ್ನು ಗುರುತಿಸಿ, ಇವನೇ, ಇವನೇ ಎಂದು ಪಕ್ಕದವಳಿಗೆ ತೋರಿಸಿದಳು. ದಿಬ್ಬದವರಿಗೆ ಅವನು ಇಷ್ಟವಾಗದೆ ಇನ್ನೇನು. ಅವರಿಗೆ ಗೆಲುವನ್ನೂ ಕೊಟ್ಟು, ಆ ಗೆಲುವು ನ್ಯಾಯವಾದದ್ದು ಎಂಬ ಚೀಟಿಯನ್ನೂ ಕೊಟ್ಟವನಲ್ಲವೇ. ತಗ್ಗಿನವನೊಬ್ಬ ತಮಗಾಗಿ ಸತ್ಯ ಹೇಳಿದ ಎಂದು ಮೂರು ವಾರದಿಂದ ಅವರು ಊಟದ ಮೇಜಿನಲ್ಲಿ ಹೇಳಿಕೊಂಡು ಹಿಗ್ಗುತ್ತಿರಬೇಕು. ಬಡವನ ಪ್ರಾಮಾಣಿಕತೆಯಷ್ಟು ರುಚಿಯಾದದ್ದು ಉಳ್ಳವರಿಗೆ ಬೇರೆ ಇಲ್ಲ. ಅದೇ ದಿಬ್ಬದವನೊಬ್ಬ ತನ್ನ ಗೋಲನ್ನು ತಾನೇ ಬಿಟ್ಟುಕೊಟ್ಟಿದ್ದರೆ ಅದಕ್ಕೆ ಬಟ್ಟಲು ಕೊಡುತ್ತಿದ್ದರೇ? ಅವರಲ್ಲಿ ಅದು ಇದ್ದೇ ಇರುವ ಗುಣ ಎಂದು ಸುಮ್ಮನಾಗುತ್ತಿದ್ದರು. ತನ್ನ ವಿಷಯದಲ್ಲಿ ಮಾತ್ರ ಅದು ಅಚ್ಚರಿ, ಕೋತಿ ಚಮಚದಲ್ಲಿ ಉಂಡ ಹಾಗೆ.

ಬಟ್ಟೆ ಬದಲಿಸುವ ತಗಡಿನ ಶೆಡ್ಡಿನಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲ. ತಂಡದವರು ತೊಡುವ ಬಿಗಿಯಾದ ಕ್ಯಾನ್ವಾಸ್ ಜಾಕೆಟ್ಟಿನ ಮುಂದಿನ ದಾರವನ್ನು ಅವನು ಎಡಗೈಯಿಂದಲೂ ಹಲ್ಲಿನಿಂದಲೂ ಎಳೆದುಕೊಂಡ. ಟಲ್ಲಿ ಮೂಲೆಯಲ್ಲಿ ನಿಂತು ಬೂಟಿಗೆ ಎಣ್ಣೆ ಉಜ್ಜುತ್ತ, ಕೆಲವರು ಆಟಕ್ಕೆ ಬರುತ್ತಾರೆ, ಕೆಲವರು ಆರತಿ ಎತ್ತಿಸಿಕೊಳ್ಳಲು ಬರುತ್ತಾರೆ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಇಬ್ಬರು ನಕ್ಕರು. ಫೆಲಿಮ್‌ಗೆ ಒಂದು ಕ್ಷಣ ಅವನ ಮೇಲೆ ಪ್ರೀತಿಯೇ ಬಂತು. ಇಡೀ ಊರಿನಲ್ಲಿ ತನ್ನ ಸತ್ಯವನ್ನು ನಂಬದವನು ಇವನೊಬ್ಬನೇ. ಇವನಿಗೆ ಹೇಳಬಹುದೇನೋ. ಕಾಲು ಆ ಕಡೆ ಎರಡು ಹೆಜ್ಜೆ ಹೋಗಿಯೂ ಹೋಯಿತು. ಆದರೆ ಟಲ್ಲಿ ತಲೆ ಎತ್ತಿದಾಗ ಆ ಮುಖದಲ್ಲಿ ತನ್ನ ಒಂದು ಗೋಲಿನ ಲೆಕ್ಕವಲ್ಲದೆ ಬೇರೇನೂ ಇರಲಿಲ್ಲ.

ಎರಡೂ ತಂಡಗಳು ಮೈದಾನದ ನಡುವೆ ಸಾಲಾಗಿ ನಿಂತವು. ದಿಬ್ಬದ ಕ್ಲಬ್ಬಿನ ಅಧ್ಯಕ್ಷ ಸೆಪ್ಟಿಮಸ್ ಆರ್ಡ್, ನದಿ ಉಕ್ಕಿದಾಗ ಮುಳುಗುವ ತಗ್ಗಿನ ಜಾಗಗಳನ್ನು ತೋಟದ ನಿವೇಶನವೆಂದು ಹರಾಜು ಹಾಕಿ ಸಾರೋಟು ಕೊಂಡವನು, ಉದ್ದ ಕೋಟಿನಲ್ಲಿ ಕೆಸರು ತಪ್ಪಿಸುತ್ತ ಬಂದ. ಹರಾಜಿನ ಗಂಟಲು, ಬೇಲಿಯ ತುದಿಯವರೆಗೂ ಕೇಳಿಸುತ್ತಿತ್ತು. ಆಟ ಸೋತರೇನು, ಮನುಷ್ಯ ಗೆದ್ದ ಎಂದ. ಇಂಥ ಕೈಗಳೇ ಈ ವಸಾಹತನ್ನು ಕಟ್ಟುವ ಕೈಗಳು ಎಂದ. ಆ ಮಾತಿಗೆ ಫೆಲಿಮನ ಸಹನೆ ಮುಗಿಯಿತು. ಬೇಲಿಗೆ ಒರಗಿ ನಿಂತ ಬ್ರೈಡಿಯ ಟೋಪಿ ಕಾಣುತ್ತಿತ್ತು, ಫಾದರ್ ಕಾಣುತ್ತಿದ್ದರು, ಸ್ನೆಡನ್ ಹೆಗಲ ಮೇಲೆ ಮಗನನ್ನು ಕೂರಿಸಿಕೊಂಡಿದ್ದ, ಸೇಬು ಕದ್ದವನೇ ಇರಬೇಕು. ಹೇಳಿದರೆ ದಿಮ್ಮಿ ಹೋಗುತ್ತದೆ, ಜಾಕೆಟ್ಟು ಹೋಗುತ್ತದೆ, ಅವಳ ಆ ನೋಟ ಹೋಗುತ್ತದೆ. ಹೇಳದಿದ್ದರೆ ಇವನು ಬಟ್ಟಲನ್ನು ಈ ಬೆರಳುಗಳ ನಡುವೆಯೇ ತುರುಕುತ್ತಾನೆ, ಅದು ತಣ್ಣಗಿದೆಯೋ ಬೆಚ್ಚಗಿದೆಯೋ ಸಾಯುವವರೆಗೂ ತಿಳಿಯುವುದಿಲ್ಲ.

"ನನಗೆ ಗೊತ್ತಿಲ್ಲ," ಎಂದ ಫೆಲಿಮ್.

ಆರ್ಡ್ ಮಾತು ನಿಲ್ಲಿಸಿದ. "ಏನಪ್ಪಾ?"

"ಚೆಂಡು ತಗಲಿತೋ ಇಲ್ವೋ ನನಗೆ ಗೊತ್ತಿಲ್ಲ. ಆವತ್ತೂ ಗೊತ್ತಿರಲಿಲ್ಲ. ಸುಮ್ನೆ ಹೇಳಿದೆ."

ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರ್ಡ್ ಅರೆಗಳಿಗೆ ತಬ್ಬಿಬ್ಬಾದ, ಆಮೇಲೆ ಹರಾಜಿನಲ್ಲಿ ಒಡಕು ಪಾತ್ರೆಯನ್ನು ಹಳೆಯ ಕಾಲದ್ದು ಎಂದು ಏರಿಸುವ ಜಾಣತನ ಅವನ ಮುಖಕ್ಕೆ ಮರಳಿತು. ಕೇಳಿದಿರಾ ಎಂದು ಜನರ ಕಡೆ ತಿರುಗಿದ. ತನಗೆ ಖಾತರಿ ಇಲ್ಲದಿದ್ದರೂ, ಸಂಶಯದ ಲಾಭವನ್ನು ಎದುರಾಳಿಗೆ ಬಿಟ್ಟುಕೊಟ್ಟನಂತೆ ಈ ಮನುಷ್ಯ, ಖಾತರಿ ಇದ್ದು ಸತ್ಯ ಹೇಳುವವರು ಸಿಗುತ್ತಾರೆ, ಖಾತರಿ ಇಲ್ಲದೆಯೂ ತನ್ನ ಗೋಲು ಬಿಡುವವನು ಎಲ್ಲಿ ಸಿಗುತ್ತಾನೆ ಎಂದ. ಚಪ್ಪಾಳೆ ಬೇಲಿಯ ಸುತ್ತ ಹರಿದಾಡಿತು. ಈ ಸಲ ತಗ್ಗಿನವರೂ ತಟ್ಟಿದರು. ಫಾದರ್ ಕಣ್ಣೊರೆಸಿಕೊಂಡರು. ಫೆಲಿಮ್ ಕೈಯನ್ನು ಆರ್ಡ್‌ನ ಮೂಗಿನ ಮುಂದೆ ಚಾಚಿ, ಬೆರಳು ಸತ್ತಿವೆ, ಇಗೋ, ಇವಕ್ಕೆ ಸ್ಪರ್ಶವೇ ಇಲ್ಲ ಎಂದು ಕೂಗಿದ. ಅಷ್ಟರಲ್ಲಿ ವಾದ್ಯದವರಿಗೆ ಯಾರೋ ಸನ್ನೆ ಮಾಡಿದ್ದರು. ತುತ್ತೂರಿ, ಡೋಲು ಒಟ್ಟಿಗೆ ಹೊಡೆದುಕೊಂಡವು. ಆರ್ಡ್ ಚಾಚಿದ ಕೈಯಲ್ಲಿ ಬಟ್ಟಲನ್ನು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿ, ಮೇಲಿನಿಂದ ತನ್ನ ಎರಡೂ ಕೈಯಿಂದ ಒತ್ತಿದ. ಬಟ್ಟಲು ಜಾರಿ ಕೆಸರಿಗೆ ಬಿತ್ತು. ಭಾವಾವೇಶ ಎಂದರು ಜನ.

ಕೇಳಿಸಿಕೊಂಡವನು ಪಕ್ಕದಲ್ಲೇ ನಿಂತಿದ್ದ ಟಲ್ಲಿ ಒಬ್ಬನೇ. ಅವನು ಬಟ್ಟಲನ್ನು ಎತ್ತಲು ಬಗ್ಗುವವನ ಹಾಗೆ ಬಗ್ಗಿ, ಎತ್ತದೆ, ಫೆಲಿಮನ ಕೈಯನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಉಗುರಿನಿಂದ ಬೆರಳ ತುದಿಯನ್ನು ಬಲವಾಗಿ ಹಿಂಡಿದ, ಕಣ್ಣನ್ನು ಮಾತ್ರ ಫೆಲಿಮನ ಮುಖದ ಮೇಲೇ ಇಟ್ಟು. ಮುಖದಲ್ಲಿ ಏನೂ ಆಗಲಿಲ್ಲ. ಇನ್ನೊಂದು ಬೆರಳನ್ನು ಹಿಂಡಿದ. ಬೆರಳಿನಿಂದ ರಕ್ತ ಜಿನುಗಿತು.

"ಯಾವಾಗಿಂದ?" ಎಂದ.

"ಹೋದ ಚಳಿಗಾಲದಿಂದ."

ಕೊನೆಗೂ ಒಬ್ಬನಿಗೆ ತಿಳಿಯಿತು. ಇನ್ನು ಇವನು ಏನು ಬೇಕಾದರೂ ಅನ್ನಲಿ, ಈಗಲೇ ಜಾಕೆಟ್ಟು ಬಿಚ್ಚು ಅನ್ನಲಿ, ಹಾಬ್ಸ್‌ಗೆ ಹೋಗಿ ಹೇಳಲಿ, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಒಂದು ಮಾತಾಡಲಿ ಸಾಕು ಎಂದು ಫೆಲಿಮ್ ಕಾದ. ಟಲ್ಲಿಯ ಮುಖ ನಿಧಾನವಾಗಿ ಅರಳಿತು. ಇಷ್ಟು ದಿನ ಹೊತ್ತಿದ್ದ ಭಾರ ಇಳಿದವನ ಮುಖ ಅದು.

"ಅಂದ್ರೆ ತಗಲೇ ಇಲ್ಲ," ಎಂದ. "ನನ್ನ ಗೋಲು ಗೋಲೇ."

"ಗೊತ್ತಿಲ್ಲ ಅಂದೆನಲ್ಲೋ."

"ನಿನಗೆ ಗೊತ್ತಿಲ್ಲ ಕಣೋ. ನನಗೆ ಗೊತ್ತಲ್ಲ." ಅವನು ಕೈಯನ್ನು ಬಿಟ್ಟು, ಅಂದರೆ ಎಸೆದು, ತನ್ನವರ ಕಡೆ ತಿರುಗಿದ. "ಲೇ, ಇಲ್ಲಿ ಕೇಳ್ರೋ. ಆವತ್ತು ಗೋಲಾಗಿತ್ತು. ಈ ಹೆಳವ ತನ್ನ ಸತ್ತ ಕೈ ಇಟ್ಕೊಂಡು ನಮ್ಮನ್ನ..."

ಆ ಮಾತು ಮುಗಿಯಲಿಲ್ಲ. ಫೆಲಿಮನ ಬಲಗೈ ಅವನ ಭುಜದಿಂದ ಹೊರಟದ್ದು ಮಾತ್ರ ಅವನಿಗೆ ತಿಳಿದದ್ದು. ಮೂರು ವಾರದ ಹಾಲಿನವನು, ಪೀಠದ ಮೇಲಿನ ಫಾದರ್, ಕೂದಲು ಸಿಕ್ಕಿಯೂ ಬಿಟ್ಟುಹೋದ ಹಾಬ್ಸ್, ಬೇಲಿಯಾಚೆ ಒದ್ದ ಚೆಂಡು, ಮೇಜಿನ ಮೇಲೆ ಕೂತ ಹೆಂಡತಿಯ ಕೈ, ಎಲ್ಲವೂ ಆ ಭುಜದಲ್ಲಿತ್ತು. ಮುಷ್ಟಿ ಎಲ್ಲಿ ಹೋಗಿ ನಿಂತಿತೆಂದು ಬೆರಳು ಹೇಳಲಿಲ್ಲ. ಟಲ್ಲಿ ಹಿಂದಕ್ಕೆ ಬಿದ್ದದ್ದನ್ನು, ಅವನ ಮೂಗು ಒಂದು ಕಡೆಗೆ ವಾಲಿದ್ದನ್ನು, ಬಿಳಿಯ ಕ್ಯಾನ್ವಾಸಿನ ಮೇಲೆ ರಕ್ತ ಇಳಿದದ್ದನ್ನು ನೋಡಿ ಅವನು ತಿಳಿದುಕೊಂಡ. ವಾದ್ಯ ಒಂದೊಂದಾಗಿ ನಿಂತಿತು, ಡೋಲಿನವನಿಗೆ ಕೊನೆಗೆ ಗೊತ್ತಾಯಿತು. ಬೇಲಿಯ ಹತ್ತಿರ ಬ್ರೈಡಿ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಅವಳು ಈಗ ಅವನನ್ನು ಕುಡಿದು ಬಂದಾಗ ನೋಡುವ ಹಾಗೆ ನೋಡುತ್ತಿದ್ದಳು.

ಅಂಪೈರ್ ಓಡಿ ಬಂದ. ಅದೇ ಮನುಷ್ಯ, ಅದೇ ಮೀಸೆ. ಅವನಿಗಿಂತ ಮೊದಲು ಆರ್ಡ್ ಇಬ್ಬರ ನಡುವೆ ನುಗ್ಗಿ, ಆತುರ ಬೇಡ, ಆತುರ ಬೇಡ, ಇಂಥವನು ಹೊಡೆಯುವವನಲ್ಲ, ಬಟ್ಟಲು ಎತ್ತಲು ಹೋದಾಗ ಅಕಸ್ಮಾತ್ ಕೈ ತಗಲಿರಬೇಕು ಎಂದ. ಹೌದು, ತಗಲಿರಬೇಕು ಎಂದು ದಿಬ್ಬದವರಲ್ಲಿ ನಾಲ್ಕು ಜನ ದನಿಗೂಡಿಸಿದರು. ಅಂಪೈರ್ ಎಲ್ಲರಿಗೂ ಸುಮ್ಮನಿರಲು ಕೈ ತೋರಿಸಿ ಫೆಲಿಮನ ಎದುರು ಬಂದು ನಿಂತ.

"ಗ್ಯಾರಿಟಿ, ನಿನ್ನ ಬಾಯಿಂದಾನೇ ಕೇಳ್ತೀನಿ. ಅಕಸ್ಮಾತ್ ಕೈ ತಗಲಿತಾ?"

ಫೆಲಿಮ್ ತನ್ನ ಕೈಯನ್ನು ನೋಡಿಕೊಳ್ಳಲಿಲ್ಲ.

"ಇಲ್ಲ ಸರ್. ಹೊಡೆದೆ."

ಅಂಪೈರ್ ಮೂರು ವಾರದ ಹಿಂದೆ ನಂಬಿದ ಹಾಗೆಯೇ ಈಗಲೂ ನಂಬಿದ, ಬೇಲಿಯ ಬಾಗಿಲ ಕಡೆ ಬೆರಳು ತೋರಿಸಿದ.